ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆರೆಗೆ ಇಳಿದ ಹುಡುಗ

ಗದಗದಿಂದ ಲಕ್ಷ್ಮೇಶ್ವರದ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಮಾಗಡಿ ಕೆರೆ ಹೊಸದಲ್ಲ. ಗದಗ ಬಿಟ್ಟರೆ 26 ಕಿಲೋಮೀಟರ್. ಡಿಸೆಂಬರ್, ಜನವರಿ ಬಂತೆಂದರೆ ಬಸ್ಸು ಕೆರೆಯ ಹತ್ತಿರ ಬರುತ್ತಲೇ ಈ ಬದಿಯ ಜನ ಆ ಬದಿಗೆ ವಾಲುತ್ತಾರೆ. ಕೂಸಿಗೆ ಬೆರಳು ಮಾಡಿ ತೋರಿಸುವ ತಾಯಿ, ಮೊಬೈಲ್ ಎತ್ತಿ ಹಿಡಿದ ಕಾಲೇಜು ಹುಡುಗ, ಅರೆನಿದ್ದೆಯಲ್ಲಿದ್ದ ಕಿರಾಣಿ ಅಂಗಡಿ ಸಾಹುಕಾರ, ಎಲ್ಲರ ಕಣ್ಣೂ ನೀರಿನ ಮೇಲೆ. ಸಾವಿರಾರು ಹೆಬ್ಬಾತು! ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಬಳಪದ ಗೆರೆಯಲ್ಲ, ಮಸಿಯ ಗೆರೆ ಎಳೆದಂತೆ ಎರಡು ಕರೀ ಪಟ್ಟಿ.

ಇಂಥದೇ ಒಂದು ಬೆಳಿಗ್ಗೆ ಮುಂದಿನಿಂದ ಮೂರನೇ ಸೀಟಿನಲ್ಲಿ ಕೂತ ಅಜ್ಜ ಮಾತ್ರ ಇಣುಕಲಿಲ್ಲ. ಒಂದು ಸಲ ಕಣ್ಣು ಹಾಯಿಸಿ ಪಕ್ಕದವರಿಗೆ ಹೇಳಿದರು:

"ನಿನ್ನೆ ಹುಣ್ಣಿಮಿ ಇತ್ತಲ್ಲ. ರಾತ್ರಿಪೂರಾ ಶೇಂಗಾ ಹೊಲದಾಗ ಮೇದಾವು. ಇವತ್ತ ಸಂಜಿತನಕಾ ನೀರ ಬಿಟ್ಟ ಏಳೂದಿಲ್ಲ ನೋಡ್ರಿ."

"ಫಾರೆಸ್ಟ್ ಡಿಪಾರ್ಟ್‌ಮೆಂಟಿನ್ಯಾಗ ಇದ್ರೇನ್ರಿ?"

"ಇಲ್ಲಪಾ. ನಾವು ಹೊಡ್ಯಾವ್ರ ಪೈಕಿ."

ಪಕ್ಕದವರು ಸ್ವಲ್ಪ ಸರಿದು ಕೂತರು. ಈಗಿನ ಕಾಲಕ್ಕೆ ಅದು ಬಸ್ಸಿನಲ್ಲಿ ಗಟ್ಟಿಯಾಗಿ ಹೇಳುವ ಮಾತಲ್ಲ!

ಅಜ್ಜನ ವಯಸ್ಸು ಎಂಬತ್ತರ ಹತ್ತಿರ. ಲಕ್ಷ್ಮೇಶ್ವರದ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟು ಮೂರು ಮಕ್ಕಳನ್ನು ಓದಿಸಿದವರು. ಈಗ ಅಂಗಡಿ ಮಗನ ಕೈಯಲ್ಲಿದೆ, ಸೈಕಲ್ಲಿನ ಜಾಗದಲ್ಲಿ ಮೋಟರ್ ಸೈಕಲ್ಲು ಬಂದಿದೆ. ಆದರೆ ಗಲ್ಲಾ ಪೆಟ್ಟಿಗೆಯ ಮೇಲಿನ ಗಾಜಿನ ಗೂಡಿನಲ್ಲಿ ಬೆರಳಿನಷ್ಟು ಉದ್ದದ ಒಂದು ಹಿತ್ತಾಳೆ ನಳಿಕೆ ಇವತ್ತಿಗೂ ಇದೆ. ಗಿರಾಕಿಗಳು ನಶ್ಯದ ಡಬ್ಬಿ ಅಂದುಕೊಳ್ಳುತ್ತಾರೆ. ಅದು ಮದ್ದಿನ ಅಳತೆ. ಒಂದು ಈಡಿಗೆ ಎಷ್ಟು ಮದ್ದು ಬೇಕೋ ಅಷ್ಟೇ ಹಿಡಿಯುವ ನಳಿಕೆ. ಅಜ್ಜನ ದೊಡ್ಡಪ್ಪನದು.

1950ರ ದಶಕದ ಕೊನೆಯ ಮಾತು. ಶಿರಹಟ್ಟಿ ಸೀಮೆಯ ಒಂದು ಸಣ್ಣ ಹಳ್ಳಿ. 1948ರ ತನಕ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಆಮೇಲೆ ಮುಂಬಯಿ ಸರಕಾರ, 1956ರ ನವೆಂಬರಿನಿಂದ ಮೈಸೂರು ರಾಜ್ಯ. ಸರಕಾರ ಮೂರು ಬದಲಾದರೂ ದೊಡ್ಡಪ್ಪನ ಕೋವಿ ಬದಲಾಗಲಿಲ್ಲ. ಅದೇ ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆ, ಕೇಪಿನ ಕೋವಿ. ಮನೆಯಲ್ಲಿ ದೇವರ ಜಗಲಿಯ ಪಕ್ಕ ಗೂಟಕ್ಕೆ ತೂಗಿರುತ್ತಿತ್ತು. ದಸರೆಗೆ ಅದಕ್ಕೂ ಬನ್ನಿ, ಅದಕ್ಕೂ ವಿಭೂತಿ.

ಇಂದಿನ ಹುಡುಗರಿಗೆ ಕೋವಿ ಅಂದರೆ ಸಿನಿಮಾದ ಕೋವಿ. ಢಂ ಢಂ ಎಂದು ಹತ್ತು ಸಲ ಹೊಡೆಯಬಹುದು. ಕೇಪಿನ ಕೋವಿಯ ಕಥೆಯೇ ಬೇರೆ. ಮೊದಲು ಅಳತೆಯ ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರೋ ಹಳೇ ಅರಿವೆಯೋ ತುರುಕಿ ಗಜದಿಂದ ಜಡಿಯಬೇಕು. ಮೇಲೆ ಸೀಸದ ಚರೆ. ಚರೆ ಉರುಳದ ಹಾಗೆ ಮತ್ತೆ ನಾರು. ಕೊನೆಗೆ ಮೊಲೆಯ ಮೇಲೆ ಕೇಪು. ಇಷ್ಟೆಲ್ಲ ಆಗಿ ಮಂಜಿನಲ್ಲಿ ಮದ್ದು ತಂಡಿ ಹಿಡಿದಿದ್ದರೆ 'ಚಟ್' ಎಂದು ಕೇಪು ಮಾತ್ರ ಸಿಡಿದು ಸುಮ್ಮನಾಗುತ್ತಿತ್ತು. ಹಕ್ಕಿ ನಕ್ಕಂತೆ ಹಾರಿಹೋಗುತ್ತಿತ್ತು. ಒಂದು ಬೆಳಿಗ್ಗೆಗೆ ಒಂದೇ ಈಡು. ಎರಡನೆಯದು ತುಂಬುವಷ್ಟರಲ್ಲಿ ಕೆರೆ ಖಾಲಿ.

ಹೀಗಿರುವಾಗ ಹಾರುವ ಹಕ್ಕಿಗೆ ಹೊಡೆಯುವ ಶೋಕಿ ಯಾರಿಗೆ ಬೇಕು? ನೀರಿನ ಮೇಲೆ ಗುಂಪಾಗಿ ಕೂತಾಗಲೇ ಹೊಡೆಯಬೇಕು. ಅದೂ ಹತ್ತಿರದಿಂದ. ಅದಕ್ಕೇ ಎತ್ತು!

ಎತ್ತಿನ ಮರೆ

ಬಾತುಗಳು ಮನುಷ್ಯನನ್ನು ಕಂಡರೆ ಫರ್ಲಾಂಗು ದೂರದಲ್ಲೇ ಏಳುತ್ತವೆ. ಆದರೆ ನೀರು ಕುಡಿಯಲು ಬರುವ ಎತ್ತಿಗೆ ಹೆದರುವುದಿಲ್ಲ. ದೊಡ್ಡಪ್ಪನ ಹತ್ತಿರ ಅದಕ್ಕೆಂದೇ ಪಳಗಿಸಿದ ಒಂದು ಮುದಿ ಎತ್ತಿತ್ತು. ಅದರ ಮುಂಗಾಲಿನ ಪಕ್ಕ ಬಗ್ಗಿಕೊಂಡು, ಅದು ನಾಲ್ಕು ಹೆಜ್ಜೆ ಮೇಯುತ್ತ ಹೋದರೆ ತಾನೂ ನಾಲ್ಕು ಹೆಜ್ಜೆ. ಕೆರೆಯ ಅಂಚು ಮುಟ್ಟಲು ಅರ್ಧ ತಾಸು. ಹಿಂದೆ ಉಸಿರು ಬಿಗಿಹಿಡಿದು ಹನ್ನೊಂದು ವರ್ಷದ ಹುಡುಗ, ಮೈಮೇಲೆ ಲಂಗೋಟಿ ಮಾತ್ರ, ಸೊಂಟಕ್ಕೆ ಸೇದುವ ಹಗ್ಗ. ಡಿಸೆಂಬರಿನ ನಸುಕು. ಹಲ್ಲು ಕಟಕಟ.

ಹಗ್ಗ ಯಾಕೆ ಅಂತೀರಿ? ಹಕ್ಕಿ ಬಿದ್ದ ಮೇಲೆ ತರುವವರು ಯಾರು? ಸಾಹೇಬರ ಹತ್ತಿರ ನಾಯಿ ಇರುತ್ತಿತ್ತು. ಹಳ್ಳಿಯ ಬೇಟೆಗಾರನಿಗೆ ಹುಡುಗನೇ ನಾಯಿ! ತಾವರೆ ದಂಟು, ಪಾಚಿ, ಮುಳುಗಿದ ಜಾಲಿ ಗಿಡ ತುಂಬಿದ ಕೆರೆಯಲ್ಲಿ ಈಸಿ ಹೋಗಿ, ಸತ್ತದ್ದನ್ನೂ ಅರೆಜೀವದ್ದನ್ನೂ ಹಿಡಿದು, ಬಾಯಲ್ಲೊಂದು ಕೈಯಲ್ಲೊಂದು ಕಚ್ಚಿಕೊಂಡು ಬರಬೇಕು. ಕೂಲಿ ಒಂದು ಹಕ್ಕಿ. ನಾಲ್ಕಕ್ಕಿಂತ ಕಡಿಮೆ ಬಿದ್ದ ದಿನ ಬರೀ ಬೆಲ್ಲದ ಚಹಾ.

"ಆ ತಂಡಿ ಇನ್ನೂ ಎಲುವಿನ್ಯಾಗ ಐತ್ರಿ," ಎನ್ನುತ್ತಾರೆ ಅಜ್ಜ. "ಆದ್ರ ಮನಿಗಿ ಹಕ್ಕಿ ಹಿಡಕೊಂಡ ಹೋಗೂವಾಗ ಸಾಲಿ ಹುಡುಗ್ರೆಲ್ಲಾ ಹಿಂದ ಬರತಿದ್ರು. ರಾಜಾ ಆದಂಗ ಅನಸ್ತಿತ್ತು."

ದೊಡ್ಡಪ್ಪ ಒಬ್ಬನೇ ಅಲ್ಲ. ಆ ಸುತ್ತಿನಲ್ಲಿ ಇನ್ನಿಬ್ಬರು ಹಳಬರು. ಒಬ್ಬರು ಪಲ್ಟನ್ನಿನಿಂದ ಬಂದ ಹವಾಲ್ದಾರ. ಅವರದು ಜೋಡುನಳಿಗೆ, ಹನ್ನೆರಡು ಬೋರಿನ ತೋಟಾ ಕೋವಿ. ಕೂತ ಹಕ್ಕಿಗೆ ಹೊಡೆಯುವುದು ಹೇಡಿತನ ಎಂದು ಅವರ ವಾದ. ಹವಾಲ್ದಾರರಿಗೆ ಪೆನ್ಶನ್ ಬರುತ್ತಿತ್ತು, ಅವರಿಗೆ ಆ ವಾದ ಹಿಡಿಸುತ್ತಿತ್ತು, ಬಿಡಿ. ಆದರೆ ಗಾಳಿಯ ಲೆಕ್ಕ ಹುಡುಗನಿಗೆ ಕಲಿಸಿದವರು ಅವರೇ. ಬಾತು ಏಳುವುದು ಗಾಳಿಗೆ ಎದುರಾಗಿ. ಹಾಗಾಗಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೋ ನೋಡಿ ನಿಂತರೆ ಹಕ್ಕಿ ತಾನಾಗಿ ತಲೆಯ ಮೇಲೆ ಬರುತ್ತದೆ. ಒಂದು ಚಿಟಿಕೆ ಧೂಳು ಎತ್ತಿ ಬಿಟ್ಟು ನೋಡುವುದು ಅವರ ಪದ್ಧತಿ.

ಇನ್ನೊಬ್ಬ ಗಡಿಗೆ ಮುದುಕ. ಕೋವಿಯೂ ಇಲ್ಲ, ಲೈಸೆನ್ಸೂ ಇಲ್ಲ. ಊರ ಕುಂಬಾರನಿಂದ ಒಡಕು ಗಡಿಗೆ ನಾಲ್ಕೈದು ತಂದು ಕೆರೆಯಲ್ಲಿ ತೇಲಿಬಿಡುತ್ತಿದ್ದ. ಮೊದಲ ದಿನ ಬಾತುಗಳು ಅನುಮಾನದಿಂದ ದೂರ. ಮೂರನೇ ದಿನಕ್ಕೆ ಅವಕ್ಕೂ ರೂಢಿ. ಆಗ ತಾನೊಂದು ಗಡಿಗೆಗೆ ಕಣ್ಣಿನಷ್ಟು ತೂತು ಮಾಡಿ, ತಲೆಗೆ ಬೋರಲು ಹಾಕಿ, ಕೊರಳಮಟ್ಟ ನೀರಿನಲ್ಲಿ ಮೆಲ್ಲಗೆ ನಡೆದುಹೋಗಿ ಕಾಲು ಹಿಡಿದು ಒಂದೊಂದನ್ನೇ ನೀರೊಳಗೆ ಎಳೆದುಕೊಳ್ಳುತ್ತಿದ್ದ. ಪಕ್ಕದ ಹಕ್ಕಿಗೆ ಸುಳಿವೇ ಇಲ್ಲ! ಕೇಳಿದರೆ ಕಟ್ಟುಕಥೆ ಅನ್ನಿಸಬಹುದು. ಆದರೆ ಹಿಂದೂಸ್ತಾನದ ಅನೇಕ ಕಡೆ ಇದ್ದ ಹಳೇ ವಿದ್ಯೆ ಇದು. ಕೋವಿಯವರು ಮುದುಕನನ್ನು ಕಂಡರೆ ನಗುತ್ತಿದ್ದರು. ನಗುವಿಗೆ ಉತ್ತರ ಆಮೇಲೆ ಸಿಕ್ಕಿತು.

ಯಾವುದು ಪಲ್ಯಕ್ಕೆ, ಯಾವುದು ನಾಯಿಗೆ

ಈ ಹಳಬರಿಗೆ ಪುಸ್ತಕದ ಹೆಸರು ಗೊತ್ತಿರಲಿಲ್ಲ. ಆದರೆ ಕತ್ತಲಲ್ಲಿ ರೆಕ್ಕೆಯ ಸಪ್ಪಳ ಕೇಳಿ ಹಕ್ಕಿ ಯಾವುದೆಂದು ಹೇಳುತ್ತಿದ್ದರು. ಮಳೆಗಾಲ ಮುಗಿಯುವ ಮೊದಲೇ ಬಂದಿಳಿಯುವುದು ಹುಬ್ಬಿನ ಮೇಲೆ ಬಿಳೀ ಪಟ್ಟಿಯ ಸಣ್ಣ ಬಾತು. ಅದು ಕಂಡರೆ ಉಳಿದವು ದಾರಿಯಲ್ಲಿವೆ ಎಂದು ಲೆಕ್ಕ. ಬಾಲ ಸೂಜಿಯಂತೆ ಚೂಪಾದದ್ದು ತಲೆ ಕೆಳಗೆ ಮಾಡಿ ಕುಂಡೆ ಮೇಲೆ ಮಾಡಿ ಮೇಯುತ್ತದೆ, ಹಾಗಾಗಿ ಅದು ನಿಂತಲ್ಲಿ ನೀರು ಕಡಿಮೆ, ಹುಡುಗ ಧೈರ್ಯವಾಗಿ ಇಳಿಯಬಹುದು. ಕೆಂಪು ತಲೆಯ ಮುಳುಗುಬಾತು ಇದ್ದಲ್ಲಿ ಆಳ, ಅಲ್ಲಿ ಹಗ್ಗ ಬಿಗಿಯಾಗಿರಬೇಕು. ಹಕ್ಕಿ ನೋಡಿ ಕೆರೆಯ ಆಳ ಹೇಳುವ ಲೆಕ್ಕ ಇದು! ಸಲಿಕೆಯಂಥ ಅಗಲ ಕೊಕ್ಕಿನದನ್ನು ಹೊಡೆದರೆ ಮದ್ದು ದಂಡ. ಕೆಸರು ಸೋಸಿ ತಿನ್ನುವ ಹಕ್ಕಿ, ಮಾಂಸಕ್ಕೆ ಕೆಸರಿನದೇ ವಾಸನೆ. ಮನೆಯ ಹೆಂಗಸರು ಒಲೆ ಹತ್ತಿರ ಸೇರಿಸುತ್ತಿರಲಿಲ್ಲ. ಸಣ್ಣ ಬಾತು ಮಾತ್ರ, ಒಣಮೆಣಸಿನಕಾಯಿ, ಬಳ್ಳೊಳ್ಳಿ ಅರೆದು ಹಾಕಿ ಜೋಳದ ರೊಟ್ಟಿಯ ಜೊತೆ... ಅಜ್ಜ ಅಲ್ಲಿಗೆ ಮಾತು ನಿಲ್ಲಿಸಿ ಚಹಾ ಕುಡಿಯುತ್ತಾರೆ. ಊಟದ ನಡುವೆ ಹಲ್ಲಿಗೆ ಸೀಸದ ಚರೆ ಸಿಕ್ಕರೆ ಹುಡುಗರು ಕೂಡಿಟ್ಟು ಗಾಳಕ್ಕೆ ಕಟ್ಟುತ್ತಿದ್ದರಂತೆ. ಕೆಸರಿಗೆ ಬಿದ್ದ ಅದೇ ಚರೆಯನ್ನು ಹರಳೆಂದು ನುಂಗಿ ಬಾತುಗಳು ವಿಷವೇರಿ ಸಾಯುತ್ತವೆಂದು ಆಗ ಯಾರಿಗೆ ಗೊತ್ತು? ಅಮೆರಿಕದಂಥ ದೇಶವೇ ನೀರುಹಕ್ಕಿ ಬೇಟೆಗೆ ಸೀಸದ ಚರೆ ಪೂರಾ ನಿಲ್ಲಿಸಿದ್ದು 1991ರಲ್ಲಿ.

ಬೇಟೆ ಎಂದರೆ ಕೊಲೆ, ಅದನ್ನು ಸಿಂಗರಿಸಿ ಹೇಳುವುದು ಬೇಡ. ಆದರೆ ಕೊಲೆಯಲ್ಲೂ ಪ್ರಮಾಣ ಅಂತ ಒಂದಿದೆ. ರಾಜಸ್ಥಾನದ ಭರತಪುರದಲ್ಲಿ 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಸಾಹೇಬರ ಬಳಗ ಒಂದೇ ದಿನ ಹೊಡೆದದ್ದು 4,273 ಹಕ್ಕಿ. ಕಲ್ಲಿನಲ್ಲಿ ಕೆತ್ತಿಸಿದ್ದಾರೆ! ದೊಡ್ಡಪ್ಪ, ಹವಾಲ್ದಾರ, ಗಡಿಗೆ ಮುದುಕ ಮೂವರೂ ಸೇರಿ ಏಳು ಜನ್ಮ ಎತ್ತಿ ಬಂದರೂ ಅಷ್ಟು ಆಗುತ್ತಿತ್ತೋ ಇಲ್ಲವೋ. ಹಾಗೆಯೇ ಹಕ್ಕಿ ಶಾಸ್ತ್ರದ ಹಿರಿಯಣ್ಣ ಸಲೀಂ ಅಲಿ ಅವರ ಬಾಲ್ಯವನ್ನು ನೋಡಿದರೂ ಕೈಯಲ್ಲಿ ಏರ್‌ಗನ್, ಮನೆಯಲ್ಲಿ ಶಿಕಾರಿ ಮಾಡುವ ಸೋದರಮಾವ. ಹುಡುಗ ಹೊಡೆದ ಹಳದಿ ಕೊರಳಿನ ಗುಬ್ಬಿಯೇ ಅವರನ್ನು 1908ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ತಂದು ನಿಲ್ಲಿಸಿತು.

ಮುಂಗಡದ ಹೆಬ್ಬಾತು

ಹೆಬ್ಬಾತಿನ ವಿಷಯದಲ್ಲಿ ಹಳಬರದು ಒಂದು ಕಟ್ಟಳೆ. ಕೇಪಿನ ಕೋವಿಯಿಂದ ಅದಕ್ಕೆ ಹೊಡೆಯಬಾರದು. ಎರಡು ಮೂರು ಕಿಲೋ ತೂಕದ ಹಕ್ಕಿ, ದಟ್ಟ ಪುಕ್ಕ. ಬಾತಿನ ಸಣ್ಣ ಚರೆ ಅದನ್ನು ಕೊಲ್ಲುವುದಿಲ್ಲ, ಕುಂಟು ಮಾಡುತ್ತದೆ. ಹಿಮಾಲಯ ದಾಟಿ ಬಂದ ಹಕ್ಕಿಯನ್ನು ಕುಂಟು ಮಾಡಿ ಬಿಡುವುದು ಬೇಟೆಗಾರನಿಗೆ ಅವಮಾನ.

ಆ ವರ್ಷ ಶೇಂಗಾ ಬೆಳೆ ಸರಿಯಾಗಿ ಬರಲಿಲ್ಲ. ಗದಗಿನ ಒಬ್ಬ ದಲಾಲಿ ವ್ಯಾಪಾರಸ್ಥರ ಮನೆಗೆ ಬೀಗರು ಬರುವವರಿದ್ದರು. ಹೆಬ್ಬಾತು ಬೇಕೆಂದು ಮುಂಗಡ ಕೊಟ್ಟರು. ದೊಡ್ಡಪ್ಪ ಕೈಯೊಡ್ಡಿ ತೆಗೆದುಕೊಂಡ. ಮುಂಗಡ ಹಿಡಿದ ಮೇಲೆ ಕಟ್ಟಳೆ ಎಲ್ಲಿಯದು? ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎತ್ತಿನ ಮರೆಯಿಂದ ಈಡು ಹಾರಿತು. ಕೆರೆಯೆಲ್ಲ ರೆಕ್ಕೆ. ಹೊಗೆ ಸರಿದಾಗ ಒಂದು ಹೆಬ್ಬಾತು ಮಾತ್ರ ನೀರಿನಲ್ಲಿ ಗಿರಗಿರ ತಿರುಗುತ್ತಿತ್ತು, ಒಂದು ರೆಕ್ಕೆ ಜೋಲು. ಹುಡುಗ ಧುಮುಕಿದ. ಹಕ್ಕಿ ಆಳದ ಕಡೆ ಈಸಿತು, ಹುಡುಗ ಬೆನ್ನು ಹತ್ತಿದ. ಕೈಗೆ ಇನ್ನೇನು ಸಿಕ್ಕಿತು ಎನ್ನುವಾಗ ಸೊಂಟದ ಹಗ್ಗ ಮುಳುಗಿದ ಜಾಲಿಯ ಕೊಂಬೆಗೆ ಸುತ್ತಿಕೊಂಡಿತು. ಕಾಪಾಡಲೆಂದು ಕಟ್ಟಿದ ಹಗ್ಗವೇ ಕೆಳಕ್ಕೆ ಜಗ್ಗತೊಡಗಿತು. ದಂಡೆಯಲ್ಲಿದ್ದವರಿಗೆ ಕಂಡದ್ದು ಹುಡುಗನ ಕೈ ಮಾತ್ರ.

ದೊಡ್ಡಪ್ಪನಿಗೆ ಈಸು ಅಷ್ಟಕ್ಕಷ್ಟೇ. ಕೋವಿ ಕೈಯಲ್ಲಿದ್ದಂತೆಯೇ ನೀರಿಗೆ ಬಿದ್ದ. ನಡುನೀರಿನಲ್ಲಿ ಕೋವಿ ಬಿಟ್ಟ, ಹುಡುಗನನ್ನು ಹಿಡಿದ. ಹಲ್ಲಿನಿಂದ ಹಗ್ಗ ಕಡಿದನೋ ಗಂಟು ಬಿಚ್ಚಿದನೋ ಅಜ್ಜನಿಗೆ ಈಗಲೂ ನೆನಪಿಲ್ಲ. ನೆನಪಿರುವುದು ದಂಡೆಯ ಮೇಲೆ ಬೋರಲು ಹಾಕಿ ಬೆನ್ನು ಗುದ್ದಿದ್ದು, ಮತ್ತು ಮೇಲೆ ಆಕಾಶದಲ್ಲಿ ಒಂದೇ ಒಂದು ಹೆಬ್ಬಾತು ಕೂಗುತ್ತ ಸುತ್ತು ಹಾಕುತ್ತಿದ್ದದ್ದು. ಉಳಿದ ಹಿಂಡು ಹೋಗಿಯಾಗಿತ್ತು. ಗಾಯದ ಹಕ್ಕಿ ಆಪಿನಲ್ಲಿ ಸೇರಿಕೊಂಡು ಕಣ್ಮರೆ.

ಜೀವ ಉಳಿಯಿತು, ಕೋವಿ ಹೋಯಿತು. ಲೈಸೆನ್ಸಿನ ಕೋವಿ ಕಳೆದರೆ ಸುಮ್ಮನೆ ಮಾತೇ? ಪೋಲೀಸ್ ಠಾಣೆಗೆ ವರದಿ ಕೊಡಬೇಕು, ಯಾರಿಗೆ ಮಾರಿದೆ ಎಂದು ಕೇಳುತ್ತಾರೆ. ದೊಡ್ಡಪ್ಪ ಎರಡು ರಾತ್ರಿ ಕೆರೆಯ ಏರಿ ಬಿಟ್ಟು ಕದಲಲಿಲ್ಲ. ಈಸುವವರೆಲ್ಲ ಹುಡುಕಿ ಸೋತರು. ಮೂರನೇ ದಿನ ಗಡಿಗೆ ಮುದುಕ ಬಂದ. ಕೊರಳಮಟ್ಟ ನೀರಿನಲ್ಲಿ, ಬಾತು ಹಿಡಿಯುವ ಅದೇ ನಡಿಗೆಯಲ್ಲಿ, ಕೆಸರನ್ನು ಕಾಲಬೆರಳಿನಿಂದ ತಡವುತ್ತ ಮಧ್ಯಾಹ್ನದ ತನಕ ನಡೆದ. ಕೋವಿ ಸಿಕ್ಕಿತು! ಹಿಡಿ ಬಿರುಕು ಬಿಟ್ಟಿತ್ತು, ನಳಿಗೆಯಲ್ಲಿ ಕೆಸರು. ಏನು ಬೇಕು ಎಂದರೆ ಮುದುಕ, "ಒಂದ ಹೊಸಾ ಗಡಿಗಿ ಕೊಡಸ್ರಿ" ಎಂದನಂತೆ. ಆಮೇಲೆ ಅವನನ್ನು ಕಂಡು ಯಾರೂ ನಗಲಿಲ್ಲ.

ದಲಾಲಿಯವರ ಮುಂಗಡ ವಾಪಸು ಹೋಯಿತು, ಕಂತಿನಲ್ಲಿ.

ಮಾರ್ಚ್ ಬಂತು. ಹೆಬ್ಬಾತುಗಳೆಲ್ಲ ಉತ್ತರಕ್ಕೆ ಎದ್ದವು. ಒಂದು ಬೆಳಿಗ್ಗೆ ಹುಡುಗ ದನ ಹೊಡೆದುಕೊಂಡು ಹೋದಾಗ ಕೆರೆಯಲ್ಲಿ ಒಂಟಿ ಹೆಬ್ಬಾತು. ಒಂದು ರೆಕ್ಕೆ ನೀರಿಗೆ ತಾಗಿ ಎಳೆಯುತ್ತಿತ್ತು. ಅದೇ. ಹುಡುಗ ಯಾರಿಗೂ ಹೇಳಲಿಲ್ಲ. ಮರುದಿನ ಜೇಬಿನಲ್ಲಿ ಶೇಂಗಾ ತುಂಬಿಕೊಂಡು ಹೋಗಿ ದಂಡೆಯ ಮೇಲೆ ಚೆಲ್ಲಿ ಬಂದ. ಅದರ ಮರುದಿನವೂ. ನಾಲ್ಕನೇ ದಿನ ಹೋದರೆ ಅಲ್ಲಿ ಆಗಲೇ ಕಾಳು ಬಿದ್ದಿತ್ತು. ಸುಲಿದ ಕಾಳು. ಪಕ್ಕದಲ್ಲಿ ಕೆಸರಿನ ಮೇಲೆ ದೊಡ್ಡಪ್ಪನ ಜೋಡಿನ ಗುರುತು.

ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಾಗೇ ಏಪ್ರಿಲ್ ಕಳೆಯಿತು. ಕೆರೆ ಬತ್ತುತ್ತ ಬತ್ತುತ್ತ ಎಮ್ಮೆ ಹೊರಳುವಷ್ಟು ಉಳಿಯಿತು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬರೀ ಪುಕ್ಕ. ನರಿಯೋ ನಾಯಿಯೋ.

ದೊಡ್ಡಪ್ಪ ಬೇಟೆ ಬಿಟ್ಟನೆಂದು ತಿಳಿಯಬೇಡಿ. ಮುಂದಿನ ನವೆಂಬರಿಗೆ ಮತ್ತೆ ಎತ್ತು, ಮತ್ತೆ ಕೋವಿ, ಬಿರುಕಿಗೆ ತಂತಿ ಸುತ್ತಿದ್ದು. ಹೊಟ್ಟೆ ಇತ್ತಲ್ಲ. ಹೆಬ್ಬಾತಿಗೆ ಮಾತ್ರ ಗುರಿ ಹಿಡಿಯಲಿಲ್ಲ, ಹುಡುಗನ ಸೊಂಟಕ್ಕೆ ಹಗ್ಗವನ್ನೂ ಕಟ್ಟಲಿಲ್ಲ. ಬಿದ್ದ ಹಕ್ಕಿ ತೇಲಿಕೊಂಡು ದಂಡೆಗೆ ಬರುವ ತನಕ ಕೂತು ಕಾಯುತ್ತಿದ್ದ.

ಕಾನೂನು ಆಮೇಲೆ ಬಂತು. ಮುಂಬಯಿ ಸರಕಾರದ 1951ರ ಕಾಯ್ದೆ ಹಳ್ಳಿಯ ಕೆರೆಯ ತನಕ ಇಳಿದದ್ದು ಕಡಿಮೆ. 1972ರಲ್ಲಿ ಇಡೀ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಲೈಸೆನ್ಸಿನ ಮೇಲೆ ಬೇಟೆಗೆ ಒಂದು ಕಿಂಡಿ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಅಷ್ಟರಲ್ಲಿ ಹವಾಲ್ದಾರರೂ ಇಲ್ಲ, ಗಡಿಗೆ ಮುದುಕನೂ ಇಲ್ಲ. ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತು ಜಮಾ ಮಾಡಿ, ಮತ್ತೆ ಹೊತ್ತು ತರುವುದೇ ಒಂದು ಕೆಲಸವಾಗಿ, ದೊಡ್ಡಪ್ಪನ ಮಕ್ಕಳು ಕೊನೆಗೆ ಒಪ್ಪಿಸಿಯೇಬಿಟ್ಟರು. ಮದ್ದಿನ ನಳಿಕೆ ಮಾತ್ರ ಅಂಗಡಿಯ ಗೂಡು ಸೇರಿತು.

ಅವರ ಊರ ಕೆರೆಗೆ ಈಗ ಬಾತು ಬರುವುದಿಲ್ಲ. ಹೊಡೆಯುವವರು ಹೋದರು, ಹಕ್ಕಿ ಹೆಚ್ಚಬೇಕಿತ್ತಲ್ಲ? ಹೂಳು ತುಂಬಿತು, ಹಳ್ಳ ತಿರುಗಿತು, ಏರಿ ಒಡೆಯಿತು, ಅಂಗಳಕ್ಕೆ ಜಾಲಿ ಬಂತು. ನಸುಕಿನಲ್ಲಿ ಎದ್ದು ಹೋಗಿ ಇವತ್ತು ನೀರು ಎಷ್ಟಿದೆ, ಗಾಳಿ ಎತ್ತಣದು ಎಂದು ನೋಡುವವರೇ ಇಲ್ಲವಾದ ಮೇಲೆ ಕೆರೆ ಯಾವಾಗ ಸತ್ತಿತೆಂದು ಊರಿಗೆ ಗೊತ್ತಾಗಲಿಲ್ಲ. ಮಾಗಡಿಯ ಪುಣ್ಯ ಬೇರೆ. ಅಲ್ಲಿನ ರೈತರು ಹೊಲಕ್ಕೆ ಬಿದ್ದ ಹಕ್ಕಿಯನ್ನು ಸಹಿಸಿಕೊಂಡರು, ಕೆರೆಗೆ ಸಂರಕ್ಷಣಾ ಮೀಸಲು ಎಂಬ ರಕ್ಷಣೆ ಸಿಕ್ಕಿತು, 2024ರಲ್ಲಿ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೂ ಸೇರಿತು. ಸುಮಾರು 50 ಹೆಕ್ಟೇರಿನ ಕೆರೆ, ಚಳಿಗಾಲಕ್ಕೆ ಎಂಟು ಸಾವಿರದಷ್ಟು ಹಕ್ಕಿ. ಕೊರಳಿಗೆ ಮಂಗೋಲಿಯಾದ ಪಟ್ಟಿ ಹಾಕಿಕೊಂಡ ಹೆಬ್ಬಾತುಗಳೂ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. "ಪಾಸ್‌ಪೋರ್ಟ್ ಕಟಗೊಂಡ ಬರ್ತಾವ," ಎಂದು ಅಜ್ಜನ ತಮಾಷೆ.

ಜನವರಿಯಲ್ಲಿ ಜನ ಬಸ್ಸಿನಿಂದ ಇಳಿದಿಳಿದು ಫೋಟೋ ತೆಗೆಯುವಾಗ ಅಜ್ಜ ಸೀಟು ಬಿಟ್ಟು ಏಳುವುದಿಲ್ಲ. ಅವರು ಮಾಗಡಿಯಲ್ಲಿ ಇಳಿಯುವುದು ವರ್ಷಕ್ಕೊಂದೇ ಸಲ. ಯುಗಾದಿಯ ಆಸುಪಾಸು, ಬಿಸಿಲು ಏರಿ, ಹಕ್ಕಿ ಹೋಗಿ, ಕೆರೆಯ ಕಡೆ ಯಾರೂ ತಲೆ ತಿರುಗಿಸದ ಹೊತ್ತಿಗೆ. ಕೈಯಲ್ಲೊಂದು ಸಣ್ಣ ಅರಿವೆ ಚೀಲ.

ಹೋದ ಸಲ ಕಂಡಕ್ಟರ್ ಸೀಟಿ ಊದುವ ಮೊದಲು ಕೇಳಿದ: "ಎಲ್ಲಾ ಹಕ್ಕಿ ಹೋದ್ವಲ್ಲ ಯಜ್ಜಾ, ಈಗ ಇಳದ ಏನ್ ನೋಡ್ತಿ?"

"ಒಂದರ ಉಳದೈತೇನು ನೋಡ್ತೀನಿ ತಮ್ಮಾ. ನೀ ನಡಿ, ನಾ ಹಿಂದಿನ ಬಸ್ಸಿಗೆ ಬರ್ತೀನಿ."

ಬಸ್ಸು ಹೊರಟಿತು. ಅಜ್ಜ ಚೀಲ ಹಿಡಿದು ಏರಿ ಹತ್ತಿದರು.